ಅಪ್ಪನ ನೈಟ್ ಡ್ಯೂಟಿ

ಜುಲೈ ಎರಡನೇ ವಾರ. ಶಿವಮೊಗ್ಗದಲ್ಲಿ ನಾಲ್ಕು ದಿನದಿಂದ ಬಿಡದೆ ಮಳೆ. ರಾತ್ರಿ ಎರಡೂಕಾಲು ಗಂಟೆ. ಪುಟ್ಟಿಗೆ ಆಗ ಆರು ವಾರ. ಹಾಲು ಕುಡಿಯುತ್ತಾ ನನ್ನ ತೊಡೆ ಮೇಲೇ ನಿದ್ದೆಗೆ ಜಾರಿದ್ದಳು. ಉಸಿರು ಬಿಗಿಹಿಡಿದು ಎದ್ದೆ, ತೊಟ್ಟಿಲಲ್ಲಿ ಮಲಗಿಸಿ ಕೈ ಮೆಲ್ಲಗೆ ಎಳೆದುಕೊಂಡೆ. ಮೂರೇ ನಿಮಿಷ. ಮೊದಲು ಮುಖ ಕೆಂಪಾಯಿತು. ಕಾಲೆರಡೂ ಹೊಟ್ಟೆಗೆ ಬಂದವು. ಬೆನ್ನು ಬಿಲ್ಲಿನ ಹಾಗೆ ಬಾಗಿತು. ಆಮೇಲೆ ಬಾಯಿಂದ, ಮೂಗಿಂದ ಹಾಲು. ಅದರ ಹಿಂದೆಯೇ ಆ ಅಳು. ಹಸಿವಿನ ಅಳುವಲ್ಲ ಅದು, ಕಿರುಚಾಟ.

ಆ ರಾತ್ರಿ ಇದು ನಾಲ್ಕನೇ ಸಲ. ಬಟ್ಟೆ ಬದಲಾಯಿಸುವ ಹೊತ್ತಿಗೆ ನನಗೂ ಅಳು ಬಂದುಬಿಟ್ಟಿತ್ತು. ಅಮ್ಮ ದಿನವಿಡೀ ಬಾಣಂತನದ ಕೆಲಸ ಮಾಡಿ ಆಗಷ್ಟೇ ಕಣ್ಣು ಮುಚ್ಚಿದ್ದಳು, ಎಬ್ಬಿಸಲು ಮನಸ್ಸು ಬರಲಿಲ್ಲ. ನಮ್ಮನೆಯವರು ಬೆಂಗಳೂರಲ್ಲಿ, ಶನಿವಾರ ಬಂದು ಭಾನುವಾರ ರಾತ್ರಿ ವಾಪಸ್ ಹೋಗುತ್ತಿದ್ದರು. ಬಾಗಿಲ ಹತ್ತಿರ ನೆರಳು ಕಂಡಿತು. ಅಪ್ಪ.

"ಕೊಡು ಇಲ್ಲಿ. ನನಗೆ ಹೇಗಿದ್ರೂ ಈ ಹೊತ್ತಲ್ಲಿ ನಿದ್ದೆ ಬರಲ್ಲ" ಅಂದರು.

ಅಪ್ಪ ಕೆಎಸ್ಆರ್‌ಟಿಸಿಯಲ್ಲಿ ಡ್ರೈವರ್ ಆಗಿದ್ದವರು. ಶಿವಮೊಗ್ಗ–ಬೆಂಗಳೂರು ನೈಟ್ ಬಸ್ಸನ್ನೇ ಎಷ್ಟೋ ವರ್ಷ ಓಡಿಸಿದರು. ರಿಟೈರ್ ಆದ ಮೇಲೂ ರಾತ್ರಿ ಎರಡಕ್ಕೆ ಕಣ್ಣು ಬಿಟ್ಟರೆ ನಾಲ್ಕರ ತನಕ ಮುಚ್ಚುವುದಿಲ್ಲ. ನಾನೂ ತಮ್ಮನೂ ಮಕ್ಕಳಾಗಿದ್ದಾಗ ನಮ್ಮನ್ನು ಎತ್ತಿಕೊಂಡು ಮಲಗಿಸಿದ ನೆನಪು ಅವರಿಗೇ ಇಲ್ಲ. ರಾತ್ರಿ ಎಲ್ಲಾ ರಸ್ತೆಯಲ್ಲಿ ಇರುತ್ತಿದ್ದರಲ್ಲ. ಅಂಥವರು ಪುಟ್ಟಿಯನ್ನು ತಗೊಂಡು ಹೆಗಲಿಗೆ ಹಾಕಿಕೊಂಡರು. ಹಾಲ್‌ನಲ್ಲಿ ಆ ಗೋಡೆಯಿಂದ ಈ ಗೋಡೆಗೆ ನಡೆಯಲು ಶುರು ಮಾಡಿದರು. ಹತ್ತು ನಿಮಿಷ ಆದ ಮೇಲೆ, ಮಳೆ ಸದ್ದಿನ ನಡುವೆಯೂ ಕೇಳುವಷ್ಟು ಜೋರಾಗಿ ಒಂದು ತೇಗು ಬಂತು. ಆ ಪುಟ್ಟ ಮೈಯಿಂದ ಅಷ್ಟು ದೊಡ್ಡ ತೇಗು! ಅಪ್ಪ ನಿಂತರು. ಗೋಡೆ ಗಡಿಯಾರ ನೋಡಿದರು. ಹೋಗಿ ಟಿವಿ ಸ್ಟ್ಯಾಂಡ್ ಮೇಲಿದ್ದ ಹಳೇ ಡೈರಿಯಲ್ಲಿ ಏನೋ ಬರೆದುಕೊಂಡರು. ಮತ್ತೆ ನಡೆದರು. ಪುಟ್ಟಿ ಆಮೇಲೆ ಮಲಗಿದ್ದು ಎರಡು ಗಂಟೆ ಹತ್ತು ನಿಮಿಷ. ಹುಟ್ಟಿದ ಮೇಲೆ ರಾತ್ರಿ ಹೊತ್ತು ಅಷ್ಟು ಉದ್ದ ಮಲಗಿದ್ದು ಅದೇ ಮೊದಲು.

ಬೆಳಿಗ್ಗೆ ಡೈರಿ ತೆಗೆದು ನೋಡಿದೆ. "2.15 ಕಕ್ಕಿತು. 2.40 ತೇಗು. 2.55 ತೊಟ್ಟಿಲು. 5.05 ಎದ್ದಿತು." ಬಸ್ಸಿನ ಲಾಗ್ ಶೀಟ್ ತುಂಬುವ ಹಾಗೇ, ಗೆರೆ ಎಳೆದು ಬರೆದಿದ್ದರು.

ಅಲ್ಲಿಯವರೆಗೆ ನಾವು ಮಾಡದ ಉಪಾಯ ಇರಲಿಲ್ಲ. ಅಮ್ಮ ಹಿಂಗನ್ನು ಬಿಸಿನೀರಲ್ಲಿ ಕದಡಿ ಹೊಕ್ಕುಳ ಸುತ್ತ ಹಚ್ಚುತ್ತಿದ್ದಳು. ವೀಳ್ಯದೆಲೆಗೆ ಹರಳೆಣ್ಣೆ ಸವರಿ, ದೀಪದ ಮೇಲೆ ಬಾಡಿಸಿ, ಹೊಟ್ಟೆ ಮೇಲೆ ಇಡುತ್ತಿದ್ದಳು. ಬಜೆ ಬೇರು ಸುಟ್ಟು ತೇಯ್ದು ನಾಲಿಗೆಗೆ ಸವರುತ್ತಿದ್ದಳು. ಪಕ್ಕದ ಮನೆಯ ಅತ್ತೆ ಗ್ರೈಪ್ ವಾಟರ್ ಬಾಟಲಿ ತಂದುಕೊಟ್ಟರು. ಸಂಜೆ ಆಗುತ್ತಿದ್ದ ಹಾಗೆ ಉಪ್ಪು, ಒಣಮೆಣಸಿನಕಾಯಿ ನಿವಾಳಿಸಿ ದೃಷ್ಟಿ ತೆಗೆಯುವುದೂ ಆಗಿತ್ತು. ಪುಟ್ಟಿಗೆ ಸಂಜೆ ಏಳಕ್ಕೆ ಹತ್ತಿದ ಅಳು ಹತ್ತಕ್ಕೆ ಮುಂಚೆ ನಿಲ್ಲುತ್ತಿರಲಿಲ್ಲ. "ಕಕ್ಕೋ ಮಗು ಚೆನ್ನಾಗಿ ಬೆಳೆಯುತ್ತೆ ಕಣೆ" ಅಂತ ಬಂದವರೆಲ್ಲಾ ಹೇಳಿ ಹೋಗುತ್ತಿದ್ದರು. ಕಕ್ಕಿದ ಬಟ್ಟೆ ಒಗೆದು ಒಣಗಿಸುವವಳಿಗೆ ಗೊತ್ತು ಅದರ ಕಷ್ಟ. ಮಳೆಗಾಲದಲ್ಲಿ ಏನೂ ಒಣಗುವುದಿಲ್ಲ. ಅಮ್ಮ ಕೆಂಡಕ್ಕೆ ಸಾಂಬ್ರಾಣಿ ಹಾಕಿ, ಅದರ ಮೇಲೆ ಬಿದಿರು ಬುಟ್ಟಿ ಬೋರಲು ಹಾಕಿ, ಬುಟ್ಟಿ ಮೇಲೆ ಒಂದೊಂದೇ ಬಟ್ಟೆ ಹರಡುತ್ತಿದ್ದಳು. ಹುಳಿ ಹಾಲಿನ ವಾಸನೆ ಹೋಗಿ ಸಾಂಬ್ರಾಣಿ ವಾಸನೆ ಹತ್ತುವ ತನಕ ತಿರುಗಿಸಿ ತಿರುಗಿಸಿ ಹಾಕುತ್ತಿದ್ದಳು. ದಿನಕ್ಕೆ ಹದಿನೈದು, ಇಪ್ಪತ್ತು ಬಟ್ಟೆ.

ಐದು ದಿನದ ಲಾಗ್ ಶೀಟ್ ತಗೊಂಡು ಮಕ್ಕಳ ಡಾಕ್ಟರ್ ಹತ್ತಿರ ಹೋದೆವು. ಮೊದಲು ಹೋಗಿದ್ದ ಒಂದು ಕಡೆ ಎರಡೇ ನಿಮಿಷದಲ್ಲಿ "ಎಲ್ಲಾ ಮಕ್ಕಳೂ ಅಳ್ತವೆ" ಅಂತ ಕಳಿಸಿದ್ದರು. ಈ ಡಾಕ್ಟರಮ್ಮ ಡೈರಿಯ ಐದೂ ಪುಟ ಓದಿದರು. ತೂಕ ನೋಡಿದರು. ಹುಟ್ಟಿದಾಗ 2.9 ಕೆ.ಜಿ. ಇದ್ದವಳು 4.1 ಆಗಿದ್ದಳು. ಅಂದರೆ ದಿನಕ್ಕೆ 25 ಗ್ರಾಂಗಿಂತ ಸ್ವಲ್ಪ ಜಾಸ್ತಿ. ಈ ವಯಸ್ಸಿನಲ್ಲಿ ದಿನಕ್ಕೆ 20ರಿಂದ 30 ಗ್ರಾಂ ಏರಿದರೆ ಸಾಕಂತೆ. "ಉಚ್ಚೆ ಕಡಿಮೆ ಆಗಿದೆಯಾ? ವಾಂತಿ ಹಸಿರಾಗಿ ಬಂತಾ? ಚಿಲುಮೆ ಥರ ದೂರಕ್ಕೆ ಹಾರುತ್ತಾ? ವಾಂತಿಯಲ್ಲಿ, ಕಕ್ಕಸಿನಲ್ಲಿ ರಕ್ತ? ಜ್ವರ?" ಒಂದೊಂದಾಗಿ ಕೇಳಿದರು. ಇದರಲ್ಲಿ ಯಾವುದಾದರೂ ಒಂದಕ್ಕೆ ಹೌದು ಅಂತಾದರೆ, ಅಥವಾ ತೂಕ ಏರದೇ ಇದ್ದರೆ, ಮನೆ ಮದ್ದು ಮಾಡುತ್ತಾ ಕೂರದೆ ತಕ್ಷಣ ಬರಬೇಕು ಅಂದರು. ನಮ್ಮದು ಯಾವುದೂ ಇರಲಿಲ್ಲ. ಹೊಟ್ಟೆಯ ಆಸಿಡ್ ಕಡಿಮೆ ಮಾಡುವ ಔಷಧಿ ಬೇಡ ಅಂದರು.

ಆಮೇಲೆ ಪೇಪರ್ ಮೇಲೆ ಚಿತ್ರ ಬರೆದು ತೋರಿಸಿದರು. ಅನ್ನನಾಳ ಹೊಟ್ಟೆಗೆ ಸೇರುವ ಜಾಗದಲ್ಲಿ ಒಂದು ಬಾಗಿಲು ಇದೆ. ಎಳೆ ಮಗುವಿಗೆ ಅದು ಇನ್ನೂ ಬಿಗಿಯಾಗಿರುವುದಿಲ್ಲ. ಮಗು ಕುಡಿಯುವುದೆಲ್ಲಾ ಹಾಲು, ಮಲಗುವುದೇ ಜಾಸ್ತಿ. ಹಾಲಿನ ಜೊತೆ ನುಂಗಿದ ಗಾಳಿ ಮೇಲೆ ಬರುವಾಗ ಹಾಲನ್ನೂ ಹೊತ್ತು ತರುತ್ತದೆ. ಈ ಕಕ್ಕುವುದು ಎಂಟು ವಾರದೊಳಗೆ ಶುರುವಾಗಿ, ನಾಲ್ಕನೇ ತಿಂಗಳ ಸುಮಾರಿಗೆ ಜಾಸ್ತಿಯಾಗಿ, ಮಗು ಕೂರಲು ಕಲಿತ ಮೇಲೆ ಕಡಿಮೆಯಾಗುತ್ತಾ ಹೋಗುತ್ತದೆ. ಹತ್ತರಲ್ಲಿ ಒಂಬತ್ತು ಮಕ್ಕಳಿಗೆ ವರ್ಷ ತುಂಬುವುದರೊಳಗೆ ನಿಂತೇ ಹೋಗುತ್ತದೆ. ಸಂಜೆಯ ಅಳುವೂ ಆರು ವಾರದ ಆಸುಪಾಸಿನಲ್ಲೇ ಜೋರು ಇರುವುದಂತೆ. ಇಷ್ಟು ಕೇಳಿದಾಗ ನನ್ನ ಎದೆಯ ಮೇಲಿಂದ ಯಾರೋ ಕಲ್ಲು ಎತ್ತಿಟ್ಟ ಹಾಗಾಯಿತು. ನನ್ನ ಹಾಲೇ ಸರಿಯಿಲ್ಲ ಅಂದುಕೊಂಡಿದ್ದೆ ನಾನು. ಇದನ್ನು ಯಾರ ಹತ್ತಿರವೂ ಹೇಳಿರಲಿಲ್ಲ.

ಅಲ್ಲೇ ಕೂರಿಸಿ ಹಾಲು ಕುಡಿಸಲು ಹೇಳಿ, ನರ್ಸ್ ಒಬ್ಬರು ಪಕ್ಕದಲ್ಲಿ ಕೂತು ನೋಡಿದರು. "ಕೇಳಿಸ್ಕೊಳ್ಳಿ" ಅಂದರು. ಚಟ್, ಚಟ್. ನಾಲಿಗೆಯ ಸದ್ದು. ಬಾಯಿ ಪೂರ್ತಿ ಹಿಡಿದಿಲ್ಲ, ಪಕ್ಕದಿಂದ ಗಾಳಿ ಹೋಗುತ್ತಿದೆ. ಜೊತೆಗೆ ನನಗೆ ಹಾಲು ರಭಸವಾಗಿ ಬರುತ್ತಿತ್ತು, ಪುಟ್ಟಿ ಗಟಗಟ ನುಂಗುತ್ತಿದ್ದಳು. ನರ್ಸ್ ನನ್ನ ಬೆನ್ನಿಗೆ ದಿಂಬು ಕೊಟ್ಟು ಹಿಂದಕ್ಕೆ ಒರಗಿಸಿದರು. ಮಗುವನ್ನು ನನ್ನ ಮೇಲೆ ಬರುವ ಹಾಗೆ ಹಿಡಿಸಿದರು. ಬಾಯಿ ದೊಡ್ಡದಾಗಿ ತೆರೆದಾಗ ಮಾತ್ರ ಎದೆಗೆ ತರಬೇಕು, ಗದ್ದ ಎದೆಗೆ ತಾಗಬೇಕು. ಆ ಚಟ್ ಸದ್ದು ನಿಂತಿತು. ಅಷ್ಟು ಚಿಕ್ಕ ವಿಷಯ. ಆರು ವಾರದಲ್ಲಿ ಯಾರಾದರೂ ಒಬ್ಬರು ಪಕ್ಕದಲ್ಲಿ ಕೂತು ನೋಡಿದ್ದರೆ! ಹೆರಿಗೆಯಾದ ಪ್ರತಿ ಹೆಂಗಸಿಗೂ ಇದನ್ನು ತೋರಿಸಿಕೊಟ್ಟೇ ಮನೆಗೆ ಕಳಿಸಬೇಕು ಅಂತ ನನಗೆ ಇವತ್ತಿಗೂ ಅನಿಸುತ್ತದೆ.

ಡಾಕ್ಟರಮ್ಮ ಬೇಡ ಅಂದಿದ್ದು ಕೆಲವು. ಬಜೆ ಬೇಡ, ಗ್ರೈಪ್ ವಾಟರ್ ಬೇಡ, ಆರು ತಿಂಗಳ ತನಕ ನೀರೂ ಬೇಡ, ಎದೆಹಾಲು ಮಾತ್ರ. ಗ್ರೈಪ್ ವಾಟರ್ 1851ರಲ್ಲಿ ಇಂಗ್ಲೆಂಡಿನಲ್ಲಿ ಶುರುವಾದದ್ದು, ಮೊದಲು ಅದರಲ್ಲಿ ಆಲ್ಕೋಹಾಲ್ ಇರುತ್ತಿತ್ತು ಅಂತ ಆಮೇಲೆ ಓದಿದೆ. ಹಿಂಗು, ವೀಳ್ಯದೆಲೆ ಹೊಟ್ಟೆ ಮೇಲೆ ಇಡುವುದಾದರೆ ಇಡಿ, ಬಿಸಿ ಎಷ್ಟಿದೆ ಅಂತ ನಿಮ್ಮ ಮಣಿಕಟ್ಟಿನ ಮೇಲೆ ಮೊದಲು ನೋಡಿಕೊಳ್ಳಿ ಅಂದರು. ತಲೆ ದುಂಡಗಾಗಲಿ ಅಂತ ಅಮ್ಮ ಹೊಲಿದಿದ್ದ ಸಾಸಿವೆ ದಿಂಬನ್ನೂ ತೆಗೆಸಿದರು. ಸೀರೆ ಜೋಲಿಯಲ್ಲಿ ರಾತ್ರಿ ಮಲಗಿಸಬೇಡಿ, ಕತ್ತು ಎದೆಗೆ ಮಡಚಿಕೊಳ್ಳುತ್ತದೆ ಅಂದರು. ಗಟ್ಟಿ ಹಾಸಿಗೆ, ಸಮತಟ್ಟು, ಬೆನ್ನ ಮೇಲೆ.

"ಬೆನ್ನ ಮೇಲೆ ಮಲಗಿಸಿದ್ರೆ ಕಕ್ಕಿದ್ದು ಗಂಟಲಿಗೆ ಸಿಕ್ಕಿಹಾಕಿಕೊಳ್ಳಲ್ವಾ ಡಾಕ್ಟ್ರೇ?" ಅಮ್ಮ ಕೇಳಿದಳು. ನನಗೂ ಅದೇ ಭಯ. ಡಾಕ್ಟರಮ್ಮ ಮತ್ತೆ ಆ ಚಿತ್ರ ತಿರುಗಿಸಿ ಹಿಡಿದರು. ಬೆನ್ನ ಮೇಲೆ ಮಲಗಿದಾಗ ಉಸಿರಿನ ನಾಳ ಮೇಲೆ ಇರುತ್ತದೆ, ಅನ್ನನಾಳ ಕೆಳಗೆ. ವಾಪಸ್ ಬಂದ ಹಾಲು ಕೆಳಗೇ ಉಳಿಯುತ್ತದೆ, ಮೇಲೆ ಹತ್ತಬೇಕಾಗುತ್ತದೆ. ಬೋರಲು ಮಲಗಿಸಿದರೆ ಉಲ್ಟಾ. ಅಮ್ಮ ಚಿತ್ರವನ್ನು ತುಂಬಾ ಹೊತ್ತು ನೋಡಿದಳು.

ಮನೆಗೆ ಬಂದ ಮೇಲೆ ಅಮ್ಮ ಬಜೆ ಬೇರನ್ನೂ ತೇಯುವ ಕಲ್ಲನ್ನೂ ತೊಳೆದು ಒರೆಸಿ ಬಟ್ಟೆಯಲ್ಲಿ ಸುತ್ತಿ ಅಟ್ಟದ ಮೇಲಿಟ್ಟಳು. ಆ ಕಲ್ಲು ಅಜ್ಜಿಯದು. ನನಗೂ ತಮ್ಮನಿಗೂ ಅದರಲ್ಲೇ ತೇಯ್ದು ಕೊಟ್ಟಿದ್ದಳು. ಅಮ್ಮ ಒಂದು ಮಾತೂ ಆಡಲಿಲ್ಲ. ನನಗೆ ಸಂಕಟವಾಯಿತು. ಹೋಗಿ ಅವಳ ಪಕ್ಕ ಕೂತೆ. "ಮಗು ಸರಿಹೋದ್ರೆ ಸಾಕು ಕಣೆ, ನನ್ನದೇನಿದೆ" ಅಂದಳು.

ಇನ್ನು ನಿದ್ದೆಯ ವಿಷಯ. ಲಾಗ್ ಶೀಟ್‌ನಲ್ಲಿ ಅಪ್ಪನಿಗೆ ಮೊದಲು ಕಂಡಿದ್ದು ಇದು: ಹಾಲು ಕುಡಿದು ಇಪ್ಪತ್ತು ನಿಮಿಷದೊಳಗೆ ಮಲಗಿಸಿದಾಗೆಲ್ಲಾ ಅರ್ಧ ಗಂಟೆಯಲ್ಲಿ ಎದ್ದಿದ್ದಾಳೆ. ಎತ್ತಿ ಹಿಡಿದು ಮಲಗಿಸಿದಾಗ ಎರಡು ಗಂಟೆ. ನಾನು ಇಷ್ಟು ದಿನ ಗಾಳಿ ಬೇರೆ, ನಿದ್ದೆ ಬೇರೆ ಅಂದುಕೊಂಡಿದ್ದೆ. ಮಲಗಿಸಲಿಕ್ಕೇ ಹಾಲು ಕುಡಿಸುತ್ತಿದ್ದೆ. ಕುಡಿಯುತ್ತಾ ನಿದ್ದೆ, ನಿದ್ದೆಯಲ್ಲೇ ತೊಟ್ಟಿಲು, ಮಲಗಿದ ಕೂಡಲೇ ಹಾಲು ಗಂಟಲಿಗೆ. ಎದ್ದರೆ ಸಮಾಧಾನಕ್ಕೆ ಮತ್ತೆ ಹಾಲು. ತುಂಬಿದ ಹೊಟ್ಟೆಗೇ ಮತ್ತೆ ತುಂಬುತ್ತಿದ್ದೆ. ಹಾಲಿಗೂ ತೊಟ್ಟಿಲಿಗೂ ನಡುವೆ ಅರ್ಧ ಗಂಟೆ ಬೇಕಿತ್ತು ಅವಳಿಗೆ. ಆ ಅರ್ಧ ಗಂಟೆಯನ್ನು ಒಬ್ಬಳೇ ನಿಭಾಯಿಸಲು ನನ್ನಿಂದ ಆಗುತ್ತಿರಲಿಲ್ಲ. ಹೊಲಿಗೆ ಇನ್ನೂ ಎಳೆಯುತ್ತಿತ್ತು, ಸೊಂಟ ಹಿಡಿದುಕೊಂಡಿತ್ತು.

ಎರಡನೆಯದು, ಬೆಳಿಗ್ಗೆ ಹತ್ತಕ್ಕೆ ಎಣ್ಣೆ ಹಚ್ಚಿ ನೀರು ಹಾಕಿದ ಮೇಲೆ ಮೂರೂವರೆ ಗಂಟೆ ಒಂದೇ ಸಮ ಮಲಗುತ್ತಿದ್ದಳು. ಎಷ್ಟು ಚೆನ್ನಾಗಿ ಮಲಗಿದ್ದಾಳೆ ಅಂತ ನಾವೆಲ್ಲಾ ಕಿಟಕಿ ಪರದೆ ಎಳೆದು ಪಿಸುಗುಡುತ್ತಿದ್ದೆವು. ಅವಳಿಗೆ ಅದೇ ರಾತ್ರಿ. ಎಳೆ ಮಕ್ಕಳಿಗೆ ಹಗಲು ರಾತ್ರಿಯ ಗುರುತು ಎರಡು, ಮೂರು ತಿಂಗಳಿಗೆ ಬರುವುದು, ಬೆಳಕು ಕತ್ತಲೆಯಿಂದಲೇ ಅದು ಬರಬೇಕು. ಹಾಗಾಗಿ ಹಗಲು ನಿದ್ದೆ ಹಾಲ್‌ಗೆ ಬಂತು. ಕುಕ್ಕರ್ ಕೂಗಲಿ, ಟಿವಿ ಇರಲಿ, ಪರದೆ ತೆಗೆದೇ ಇರಲಿ. ಎರಡೂವರೆ ಗಂಟೆ ಆದ ಮೇಲೆ ಮೆಲ್ಲಗೆ ಎಬ್ಬಿಸಿ ಹಾಲು. ಮಲಗಿದ ಮಗುವನ್ನು ಎಬ್ಬಿಸುವುದು ಅಮ್ಮನಿಗೆ ಒಪ್ಪಿಗೆಯಾಗಲು ಒಂದು ವಾರ ಹಿಡಿಯಿತು.

ಸಂಜೆ ಏಳೂವರೆಗೆ ಬೆಚ್ಚನೆ ಬಟ್ಟೆಯಲ್ಲಿ ಮೈ ಒರೆಸಿ, ಎರಡು ಹನಿ ಕೊಬ್ಬರಿ ಎಣ್ಣೆಯಲ್ಲಿ ಹೊಟ್ಟೆಯನ್ನು ಗಡಿಯಾರದ ಮುಳ್ಳು ತಿರುಗುವ ಕಡೆಗೆ ಸವರಿ, ಕಾಲನ್ನು ಸೈಕಲ್ ತುಳಿಸುವುದು. ಎಷ್ಟೋ ಗಾಳಿ ಆಗಲೇ ಹೋಗುತ್ತಿತ್ತು. ಎಂಟಕ್ಕೆ ಕೋಣೆಯಲ್ಲಿ ಮಂಕು ಬೆಳಕು, ಹಾಲು. ಒಂದು ಕಡೆ ಮುಗಿದ ಮೇಲೆ ತೇಗಿಸಿ ಇನ್ನೊಂದು ಕಡೆ. ಎಂಟೂವರೆಗೆ ಅಪ್ಪನ ಡ್ಯೂಟಿ ಶುರು. ರಾತ್ರಿ ಎರಡರ ಪಾಳಿಯೂ ಅವರದ್ದೇ. ನಾನು ಕುಡಿಸಿ ಕೊಟ್ಟು ಮಲಗಿಬಿಡುತ್ತಿದ್ದೆ.

ಮೊದಲ ಹತ್ತು ದಿನ ಏನೂ ಆಗಲಿಲ್ಲ ಅನ್ನಬೇಕು. ಒಂದು ದಿನ ಸರಿ, ಎರಡು ದಿನ ಅದೇ ಗೋಳು. ಬಿಟ್ಟುಬಿಡೋಣ ಅಂತ ನಾನು ಹೇಳಿದ್ದೂ ಉಂಟು. "ಹೊಸ ರೂಟ್ ಕೊಟ್ಟಾಗ ಗುಂಡಿ ಎಲ್ಲಿದೆ ಅಂತ ಗೊತ್ತಾಗೋಕೇ ಹದಿನೈದು ದಿನ ಬೇಕು ಮಗಳೇ" ಅಂದರು ಅಪ್ಪ.

ಅವರಿಗೆ ಜೋಗುಳ ಬರುವುದಿಲ್ಲ. ಸುಮ್ನೆ ನಡೆಯುತ್ತಾ ಏನು ಹೇಳುವುದು? ತಮಗೆ ಬಾಯಿಪಾಠ ಇದ್ದುದನ್ನೇ ಹೇಳುತ್ತಿದ್ದರು. ಶಿವಮೊಗ್ಗ... ಭದ್ರಾವತಿ... ತರೀಕೆರೆ... ಬೀರೂರು... ಕಡೂರು... ಒಂದು ಹೆಸರು, ನಾಲ್ಕು ಹೆಜ್ಜೆ, ಬೆನ್ನ ಮೇಲೆ ಮೆಲ್ಲಗೆ ಒಂದು ತಟ್ಟು. ಅರಸೀಕೆರೆ... ತಿಪಟೂರು... ನಿಟ್ಟೂರು... ಗುಬ್ಬಿ... ತುಮಕೂರು. ಗೋಡೆಯ ಈ ಕಡೆ ಮಲಗಿ ನಾನೂ ಕೇಳುತ್ತಿದ್ದೆ. ಚಿಕ್ಕವಳಿದ್ದಾಗ ಅಪ್ಪ ರಾತ್ರಿ ಎಲ್ಲಿಗೆ ಹೋಗುತ್ತಿದ್ದರೋ ಆ ಊರುಗಳೆಲ್ಲಾ ನನ್ನ ಮಗಳ ಕಿವಿಗೆ ಬೀಳುತ್ತಿದ್ದವು. ತೇಗು ಸಾಮಾನ್ಯವಾಗಿ ಕಡೂರಿನ ಆಸುಪಾಸು. ಎರಡನೇ ಸುತ್ತಿಗೆ ಪುಟ್ಟಿಯ ಮುಷ್ಟಿ ಬಿಚ್ಚುತ್ತಿತ್ತು. ಪೂರ್ತಿ ನಿದ್ದೆ ಹತ್ತುವ ಮುಂಚೆ, ಕಣ್ಣು ಎಳೆಯುತ್ತಿರುವಾಗಲೇ, ತೊಟ್ಟಿಲಿಗೆ. ಕೈ ತಕ್ಷಣ ತೆಗೆಯುತ್ತಿರಲಿಲ್ಲ, ಎದೆ ಮೇಲೆ ಒಂದು ನಿಮಿಷ ಇಟ್ಟೇ ಇರುತ್ತಿದ್ದರು.

ಕಕ್ಕುವುದು ನಿಲ್ಲಲಿಲ್ಲ, ನಾಲ್ಕು ತಿಂಗಳಲ್ಲಿ ಜಾಸ್ತಿಯೇ ಆಯಿತು, ಡಾಕ್ಟರಮ್ಮ ಹೇಳಿದ ಹಾಗೇ. ಆದರೆ ಕಕ್ಕಿ ನಗುತ್ತಿದ್ದಳು. ರಾತ್ರಿ ಮೊದಲ ನಿದ್ದೆ ನಾಲ್ಕು ಗಂಟೆಯಷ್ಟು ಉದ್ದ ಆಗಿತ್ತು, ಕೆಲವು ದಿನ ಐದು.

ಐದು ತಿಂಗಳು ತುಂಬಿದ ಮೇಲೆ ಬೆಂಗಳೂರಿಗೆ ಬಂದೆವು. ಮೊದಲ ರಾತ್ರಿ ಹೊಸ ಮನೆ, ಹೊಸ ಸದ್ದು. ಹಾಲು ಆಯಿತು, ತೇಗೂ ಆಯಿತು, ನಮ್ಮನೆಯವರು ಅರ್ಧ ಗಂಟೆ ಎತ್ತಿ ಆಡಿಸಿದರೂ ಕಣ್ಣು ಬಿಟ್ಟುಕೊಂಡೇ ಗೋಳೋ ಅಂತ ಅಳುತ್ತಿದ್ದಳು. ಒಂಬತ್ತೂಕಾಲಿಗೆ ಅಪ್ಪನ ಫೋನ್. "ಮಲಗಿದ್ಲಾ?" ಅಳು ಅವರಿಗೇ ಕೇಳಿಸಿತು. ಸ್ಪೀಕರ್‌ಗೆ ಹಾಕು ಅಂದರು. ನಮ್ಮನೆಯವರು ಫೋನನ್ನು ಅಂಗಿ ಜೇಬಿಗೆ ಹಾಕಿಕೊಂಡು, ಪುಟ್ಟಿಯನ್ನು ಹೆಗಲಿಗೆ ಹಾಕಿ ನಡೆದರು. ಶಿವಮೊಗ್ಗ... ಭದ್ರಾವತಿ... ಅಳು ಒಂದು ಕ್ಷಣ ನಿಂತಿತು. ತಲೆ ಎತ್ತಿ ಎಲ್ಲಿಂದ ದನಿ ಅಂತ ಹುಡುಕಿದಳು. ಮತ್ತೆ ತಲೆ ಹೆಗಲಿಗೆ. ತಿಪಟೂರು ಬರುವಷ್ಟರಲ್ಲಿ ಮುಷ್ಟಿ ಬಿಚ್ಚಿತ್ತು. ಮಲಗಿದಳು ಅಪ್ಪ, ಸಾಕು ಅಂತ ನಾನು ಮೆಲ್ಲಗೆ ಹೇಳಿದೆ. ಅವರು ನಿಲ್ಲಿಸಲಿಲ್ಲ. ಗುಬ್ಬಿ, ತುಮಕೂರು, ನೆಲಮಂಗಲ, ಯಶವಂತಪುರ ಎಲ್ಲಾ ಹೇಳಿ, ಮೆಜೆಸ್ಟಿಕ್ ಅಂದ ಮೇಲೆಯೇ ಫೋನ್ ಇಟ್ಟರು.