ಪಕ್ಕದ ಮನೆಯನ್ನೂ ಬಿಡಿಸಿದ ನಕ್ಷೆ

ಕಟ್ಟಡ ಪರವಾನಗಿಗೆ ಸಲ್ಲಿಕೆಯಾಗುವ ನಕ್ಷೆಗಳಲ್ಲಿ ಅಳತೆಗಳೆಲ್ಲ ನಿವೇಶನದ ನಾಲ್ಕು ಗಡಿಯೊಳಗೇ ಮುಗಿದುಹೋಗುತ್ತವೆ, ಅದರಾಚೆ ಕಾಗದ ಖಾಲಿ. ಬಹಳ ವರ್ಷಗಳಿಂದ ಇಂಥ ನಕ್ಷೆಗಳನ್ನು ಬಿಡಿಸುತ್ತಾ ಬಂದಿರುವ ಮತ್ತು ವಿನ್ಯಾಸ ಪರಿಶೀಲನೆಯ ಸಭೆಗಳಲ್ಲಿ ಅರ್ಜಿದಾರರ ಪರವಾಗಿಯೂ ಸಮಿತಿಯ ಸದಸ್ಯನಾಗಿಯೂ ಕುಳಿತಿರುವ ನನಗೆ, ಬೀದಿಯೊಂದರ ಅಂದ ಕೆಡುವುದು ಆ ಖಾಲಿ ಜಾಗದಿಂದಲೇ ಎಂಬುದು ನಿಧಾನವಾಗಿ ಮನವರಿಕೆಯಾಗಿದೆ.

ಎತ್ತರ, ಸೆಟ್‌ಬ್ಯಾಕ್ (ಗಡಿಯಿಂದ ಕಟ್ಟಡಕ್ಕೆ ಬಿಡಬೇಕಾದ ಜಾಗ), ನೆಲಹರವಿನ ಅನುಪಾತ (ಎಲ್ಲ ಅಂತಸ್ತುಗಳ ಒಟ್ಟು ವಿಸ್ತೀರ್ಣಕ್ಕೂ ನಿವೇಶನದ ವಿಸ್ತೀರ್ಣಕ್ಕೂ ಇರುವ ಪ್ರಮಾಣ) ಇವೆಲ್ಲ ಲೆಕ್ಕದ ವಿಷಯಗಳು. ಅಳೆದು ನೋಡಿ ಸರಿ ಅಥವಾ ತಪ್ಪು ಎಂದುಬಿಡಬಹುದು. ವಿನ್ಯಾಸ ಪರಿಶೀಲನೆ ಕೇಳುವುದು ಬೇರೆಯೇ ಪ್ರಶ್ನೆಯನ್ನು: ಈ ಕಟ್ಟಡ ತನ್ನ ನೆರೆಹೊರೆಯ ಜೊತೆ ಹೇಗೆ ನಿಲ್ಲುತ್ತದೆ? ಸ್ಥಳೀಯ ಆಡಳಿತಕ್ಕೆ ಹೀಗೆ ಕೇಳುವ ಅಧಿಕಾರ ಇರಬೇಕೆಂದು ನಾನು ದೃಢವಾಗಿ ನಂಬುತ್ತೇನೆ. ಮನೆಯ ಒಳಗು ಮಾಲೀಕನದಾದರೂ ಅದರ ಮುಖವನ್ನು ಐವತ್ತು, ಅರವತ್ತು ವರ್ಷ ದಿನವೂ ನೋಡುವವರು ಬೀದಿಯ ಜನ. ಆದರೆ ಆ ಅಧಿಕಾರ ಯಾವ ಮಾತುಗಳಲ್ಲಿ ಬರೆಯಲ್ಪಟ್ಟಿದೆ ಎಂಬುದರ ಮೇಲೆ ಎಲ್ಲವೂ ನಿಂತಿದೆ.

ಅಮೆರಿಕದ ವಾಷಿಂಗ್ಟನ್ ರಾಜ್ಯದ ಇಸಕ್ವಾ ಎಂಬ ಊರಿನ ಪ್ರಕರಣವನ್ನು ಈ ಕೆಲಸದಲ್ಲಿರುವವರೆಲ್ಲ ಓದಬೇಕು. ಅಲ್ಲಿನ ನಿಯಮಾವಳಿ, ಕಟ್ಟಡಗಳು ಸಾಮರಸ್ಯದಿಂದ ಕೂಡಿರಬೇಕು, ಏಕತಾನತೆ ಇರಬಾರದು ಎಂದಷ್ಟೇ ಹೇಳುತ್ತಿತ್ತು. ವಾಣಿಜ್ಯ ಕಟ್ಟಡವೊಂದನ್ನು ಕಟ್ಟಹೊರಟ ಅರ್ಜಿದಾರ ಸಮಿತಿಯ ಮಾತಿನಂತೆ ಬಣ್ಣ ಬದಲಿಸಿದ, ಮುಂಭಾಗವನ್ನು ತಿದ್ದಿದ, ಮತ್ತೆ ತಂದು ತೋರಿಸಿದ. ಒಬ್ಬ ಸದಸ್ಯರು ಆ ರಸ್ತೆಯುದ್ದಕ್ಕೂ ಓಡಾಡಿ ತಮಗೆ ಹಿಡಿಸಿದ ಮತ್ತು ಹಿಡಿಸದ ಕಟ್ಟಡಗಳ ಬಗ್ಗೆ ಟಿಪ್ಪಣಿ ಮಾಡಿಕೊಂಡು ಬಂದು ಓದಿದರು. ಇಷ್ಟಾದರೂ ಅನುಮತಿ ಸಿಗಲಿಲ್ಲ. 1993ರಲ್ಲಿ ಮೇಲ್ಮನವಿ ನ್ಯಾಯಾಲಯವು, ಸಾಮಾನ್ಯ ತಿಳಿವಳಿಕೆಯ ಮನುಷ್ಯ ಓದಿ ಅರ್ಥಮಾಡಿಕೊಳ್ಳಲಾಗದಷ್ಟು ಅಸ್ಪಷ್ಟವಾದ ಆ ನಿಯಮಗಳು ಅವನಿಗೆ ಅನ್ವಯಿಸಲಾರವು ಎಂದು ಹೇಳಿ, ಅನುಮತಿ ನೀಡುವಂತೆ ಆದೇಶಿಸಿತು. ಸೌಂದರ್ಯದ ನಿಯಮ ಮಾಡುವ ಹಕ್ಕನ್ನು ನ್ಯಾಯಾಲಯ ಅಲ್ಲಗಳೆಯಲಿಲ್ಲ. ಸಮಿತಿಯ ಸದಸ್ಯರ ಅಭಿರುಚಿಯೇ ನಿಯಮವಾಗಿಬಿಡುವುದನ್ನು ಒಪ್ಪಲಿಲ್ಲ, ಅಷ್ಟೇ.

ಅಭಿರುಚಿ ಎಷ್ಟು ಬೇಗ ಬದಲಾಗುತ್ತದೆಂಬುದಕ್ಕೆ ಸಾಕ್ಷಿಯಾಗಿ ವಿಯೆನ್ನಾದ ಮಿಖಾಯೆಲರ್ ಚೌಕದಲ್ಲಿ ವಾಸ್ತುಶಿಲ್ಪಿ ಅಡಾಲ್ಫ್ ಲೋಸ್ ಕಟ್ಟಿದ ಕಟ್ಟಡವಿದೆ. ಅರಮನೆಯ ಎದುರಿಗೇ, ಮೇಲಿನ ಅಂತಸ್ತುಗಳಲ್ಲಿ ಯಾವ ಅಲಂಕಾರವೂ ಇಲ್ಲದ ಬರಿಯ ಗೋಡೆ ಎದ್ದುದನ್ನು ಕಂಡು 1910ರಲ್ಲಿ ನಗರಾಡಳಿತ ಕೆಲಸ ನಿಲ್ಲಿಸಿತು. ಕೊನೆಗೆ ಕಿಟಕಿಗಳಿಗೆ ಹೂಕುಂಡದ ತೊಟ್ಟಿಗಳನ್ನು ಅಳವಡಿಸುವ ಒಪ್ಪಂದದಲ್ಲಿ ವಿವಾದ ಮುಗಿಯಿತು. ಇಂದು ಅದು ಸಂರಕ್ಷಿತ ಸ್ಮಾರಕ. ಚೌಕದಲ್ಲಿ ಅದು ಅಸಂಗತವಾಗಿ ಕಾಣದಿರಲು ಆ ತೊಟ್ಟಿಗಳಿಗಿಂತ ಮುಖ್ಯವಾದ ಕಾರಣವಿದೆಯೆಂದು ನನಗನಿಸುತ್ತದೆ: ಕಟ್ಟಡದ ಒಟ್ಟು ಗಾತ್ರ ಚೌಕದ ಗಾತ್ರಕ್ಕೆ ಹೊಂದಿಕೊಳ್ಳುತ್ತದೆ, ಕೆಳಗಿನ ಹಸಿರು ಅಮೃತಶಿಲೆಯ ಭಾಗ ನಡೆದಾಡುವವನ ಕಣ್ಣಿಗೆ ಬೇಕಾದಷ್ಟನ್ನು ಕೊಡುತ್ತದೆ.

ನೆರೆಹೊರೆಯ ಹೊಂದಾಣಿಕೆ ಎಂದೊಡನೆ ಹಳೆಯ ಕಂಬ, ಹಳೆಯ ಕಮಾನುಗಳ ನಕಲು ನೆನಪಾಗುವುದು ದುರದೃಷ್ಟ. ಕಣ್ಣು ಬೀದಿಯನ್ನು ಓದುವುದು ಗೆರೆಗಳ ಮೂಲಕ: ಜಗಲಿಯ ಮಟ್ಟ, ಸಜ್ಜೆಯ ಗೆರೆ, ಪ್ಯಾರಾಪೆಟ್ಟಿನ ಅಂಚು, ಗೋಡೆಗೂ ಕಿಟಕಿಗೂ ಇರುವ ಅನುಪಾತ, ರಸ್ತೆಗೆ ತೆರೆದುಕೊಳ್ಳುವ ಬಾಗಿಲು. ಇವು ಹೊಂದಿಕೊಂಡರೆ ಗಾಜು, ಇಟ್ಟಿಗೆ, ಕಾಂಕ್ರೀಟು ಯಾವುದೂ ಪರಕೀಯವೆನಿಸುವುದಿಲ್ಲ. ನೆಲಮಹಡಿಯನ್ನೆಲ್ಲ ವಾಹನ ನಿಲುಗಡೆಗೆ ಬಿಟ್ಟು, ನಡೆಯುವವನ ಎದುರಿಗೆ ರೋಲಿಂಗ್ ಶಟರು ಮತ್ತು ಕತ್ತಲೆಯನ್ನಷ್ಟೇ ಇಟ್ಟ ಮನೆಗೆ ಮೇಲೆ ಎಷ್ಟು ಚೆಂದದ ಕಮಾನು ಹಾಕಿದರೂ ಪ್ರಯೋಜನವಿಲ್ಲ.

ಇವೆಲ್ಲ ಬರೆದಿಡಬಹುದಾದ ಸಂಗತಿಗಳು ಎಂಬುದೇ ಸಮಾಧಾನದ ವಿಷಯ. ನೆದರ್ಲೆಂಡ್ಸ್ ದೇಶದಲ್ಲಿ ಇಂಥ ಸಮಿತಿಗಳು ಬಹುಕಾಲದಿಂದ ಇದ್ದವು. 2003ರಲ್ಲಿ ಜಾರಿಗೆ ಬಂದ ವಸತಿ ಕಾಯ್ದೆಯ ತಿದ್ದುಪಡಿಯು, ಮೊದಲೇ ಬರೆದು ಪ್ರಕಟಿಸಿದ ಮಾನದಂಡಗಳ ಆಧಾರದ ಮೇಲೆ ಮಾತ್ರ ತೀರ್ಮಾನಿಸಬೇಕೆಂದು ಅವುಗಳನ್ನು ಕಟ್ಟಿಹಾಕಿತು. ಜಪಾನಿನ ಕ್ಯೋಟೋ 2007ರಲ್ಲಿ ನಗರಕೇಂದ್ರದ ಎತ್ತರದ ಮಿತಿಯನ್ನು 45 ಮೀಟರಿನಿಂದ 31 ಮೀಟರಿಗೆ ಇಳಿಸಿತು, ಛಾವಣಿಯ ಮೇಲಿನ ಜಾಹೀರಾತು ಫಲಕಗಳನ್ನು ನಿಷೇಧಿಸಿತು, ಬೆಟ್ಟಗಳ ಕಡೆಗಿನ ನೋಟಗಳನ್ನು ಗುರುತಿಸಿ ರಕ್ಷಿಸಿತು. ಆಸ್ತಿದಾರರಿಗೆ ಅದು ಕಹಿಯಾದ ನಿರ್ಧಾರವೇ, ಆದರೆ ಏನನ್ನು ಕೇಳಲಾಗುತ್ತಿದೆ ಎಂಬುದರಲ್ಲಿ ಯಾರಿಗೂ ಸಂದೇಹವಿರಲಿಲ್ಲ.

ಇನ್ನೊಂದು ಮಾತು ಸಮಯದ್ದು. ಸ್ಟ್ರಕ್ಚರಲ್ ಲೆಕ್ಕಾಚಾರ ಮುಗಿದು ಸಾಲ ಮಂಜೂರಾದ ಮೇಲೆ ಸಮಿತಿಯ ಮುಂದೆ ಬರುವ ನಕ್ಷೆಯಲ್ಲಿ ಬಣ್ಣವನ್ನು ಬಿಟ್ಟು ಬೇರೇನನ್ನೂ ಬದಲಿಸುವುದು ಕಷ್ಟ. ಸಮಿತಿಗಳು ಬಣ್ಣದ ಬಗ್ಗೆಯೇ ಗಂಟೆಗಟ್ಟಲೆ ಮಾತಾಡುವುದು ಇದರಿಂದಲೇ. ಪೆನ್ಸಿಲಿನ ಕರಡು ಇರುವಾಗಲೇ ಒಂದು ಸಭೆ ನಡೆಯಬೇಕು.

ಅಂಥ ಕರಡೊಂದು ಈಗಲೂ ನನ್ನ ಬಳಿಯಿದೆ. ಹೆಂಚಿನ ಎರಡು ಮನೆಗಳ ನಡುವೆ ಬರಬೇಕಿದ್ದ ಮೂರಂತಸ್ತಿನ ಮನೆ ಅದು. ಸಭೆಯಲ್ಲಿ ಹಿರಿಯ ಸದಸ್ಯರೊಬ್ಬರು ಏನೂ ಟೀಕಿಸದೆ, ಅಕ್ಕಪಕ್ಕದ ಮನೆಗಳನ್ನೂ ಇದೇ ಹಾಳೆಯಲ್ಲಿ ಬಿಡಿಸಿ ತನ್ನಿ ಎಂದರು. ಟೇಪು ಹಿಡಿದು ಹೋಗಿ ಅಳೆದಾಗ, ಎರಡೂ ಮನೆಗಳ ಸೂರಿನ ಅಂಚು ಹೆಚ್ಚುಕಡಿಮೆ ಒಂದೇ ಮಟ್ಟದಲ್ಲಿತ್ತು. ನಮ್ಮ ಮೊದಲ ಸಜ್ಜೆ ಅದಕ್ಕಿಂತ ನಲವತ್ತು ಸೆಂಟಿಮೀಟರ್ ಮೇಲಿತ್ತು. ಸಜ್ಜೆಯನ್ನು ಇಳಿಸಿ, ಮೂರನೆಯ ಅಂತಸ್ತನ್ನು ಎರಡು ಮೀಟರ್ ಹಿಂದಕ್ಕೆ ಸರಿಸಿದೆವು. ಕಳೆದುಕೊಂಡ ಕೋಣೆಯ ಜಾಗದಲ್ಲಿ ಮಾಲೀಕರಿಗೆ ತೆರೆದ ತಾರಸಿ ಸಿಕ್ಕಿತು. ಆ ಹಾಳೆಯಲ್ಲಿ ಸೂರಿನ ಗೆರೆಯನ್ನು ಎಡಮನೆಯಿಂದ ಬಲಮನೆಯವರೆಗೆ, ನಮ್ಮ ಮನೆಯನ್ನು ದಾಟಿ, ಒಂದೇ ಎಳೆತದಲ್ಲಿ ಎಳೆದಿದ್ದೇನೆ.