ಮೂರು ಗಂಟೆಯ ಮಹಿಳಾ ಕೂಟ

ಮಂಜೇಶ್ವರದ ಚರ್ಚ್ ಹಾಲಿನ ಗೋಡೆಯಲ್ಲಿ ಇವತ್ತು ಒಂದು ವೇಳಾಪಟ್ಟಿ ಕಂಡಿತು. ರಜೆಯಲ್ಲಿ ಪೆಸಿಫಿಕ್ ಸಾಗರದ ವನುವಾಟು ದ್ವೀಪರಾಷ್ಟ್ರಕ್ಕೆ ಸೇವೆಗೆ ಹೊರಟ ಯುವಜನರದ್ದು.

"ಮಹಿಳಾ ಕೂಟ: ದಿನಾ 3 ಗಂಟೆ."

ದಿನಾ ಮೂರು ಅಂದರೆ ಆಗಲಿಕ್ಕಿಲ್ಲ ಮಾರಾಯ್ರೆ.

ಸಮುದ್ರ ಇಳಿದಾಗ ಅಲ್ಲಿನ ಹೆಂಗಸರು ಬುಟ್ಟಿ ಹಿಡಿದು ಹವಳದ ದಿಬ್ಬಕ್ಕೆ ಚಿಪ್ಪು ಹೆಕ್ಕಲು ಹೋಗುತ್ತಾರೆ, ನಮ್ಮಲ್ಲಿ ಮರುವಾಯಿ ಚಿಪ್ಪಿಗೆ ಹೊಳೆಗೆ ಇಳಿದ ಹಾಗೆ. ಇಳಿತ ದಿನಕ್ಕೆ ಸುಮಾರು 50 ನಿಮಿಷ ತಡವಾಗುತ್ತಾ ಹೋಗುತ್ತದೆ. ಸೋಮವಾರ 10 ಗಂಟೆಗೆ ಇದ್ದದ್ದು ಶನಿವಾರಕ್ಕೆ 2 ದಾಟಿತು. ಮೂರಕ್ಕೆ ಗಂಟೆ ಹೊಡೆದರೆ ಬರುವವರು ಯಾರು? ಎಲ್ಲರೂ ಮೊಣಕಾಲು ನೀರಿನಲ್ಲಿ.

ಉಬ್ಬರ-ಇಳಿತದ ಪಟ್ಟಿ ಮೊದಲು ಬರೆಯಿರಿ, ಕೂಟ ಅದರ ಪಕ್ಕಕ್ಕೆ. ಅಡಿಗೆ ಹೊತ್ತಿನಲ್ಲೂ ಕೂಟ ಇಡಬೇಡಿ.

ಮಕ್ಕಳ ಕತೆಗೆ ಚಾರ್ಟ್ ಪೇಪರ್ ಬೇಡ. ಉಪ್ಪು ಗಾಳಿಗೆ ಎರಡೇ ದಿನದಲ್ಲಿ ಹಪ್ಪಳದ ಹಾಗೆ ಸುರುಳಿ. ಫ್ಲಾನಲ್ ಬಟ್ಟೆ ಸಾಕು, ಚಿತ್ರದ ಹಿಂದೆ ಸ್ಯಾಂಡ್‌ಪೇಪರ್ ತುಂಡು ಇದ್ದರೆ ಅದು ಬಟ್ಟೆಗೆ ಕಚ್ಚಿ ನಿಲ್ಲುತ್ತದೆ. ತುಂಡು ಅಂಟಿಸಿದ ಗೋಂದು ಆ ತೇವಕ್ಕೆ ಬಿಡುತ್ತದೆ, ಎರಡು ಹೊಲಿಗೆ ಹಾಕಿ.

ಬಿಸ್ಲಾಮಾ ಭಾಷೆಯ ನಾಲ್ಕು ಮಾತೂ ಕಲಿತುಕೊಳ್ಳಿ. ಥ್ಯಾಂಕ್ಸ್‌ಗೆ ಅಲ್ಲಿ "ಟಂಕ್ಯು ಟುಮಸ್".

ಪಟ್ಟಿಯ ಆ "3" ಮಾತ್ರ ಪೆನ್ಸಿಲಿನಲ್ಲಿ ಬರೆದದ್ದು. ಅಷ್ಟು ಸಮಾಧಾನ.