ಕುಂದಾದ್ರಿಗೆ ಹೊರಟು ಅಡಿಕೆ ತೋಟದಲ್ಲಿ ಉಳಿದದ್ದು

ಡಿಸೆಂಬರ್‌ನಲ್ಲಿ ಕುಂದಾದ್ರಿ ಬೆಟ್ಟ ನೋಡಲು ಹೊರಟೆ. ತೀರ್ಥಹಳ್ಳಿ ದಾಟಿ ಗೆಳೆಯನ ಮನೆ ಹುಡುಕುವಾಗ ಮೊಬೈಲ್ ಮ್ಯಾಪ್ ನಂಬಿ ಕಾರನ್ನು ಯಾರದೋ ತೋಟದ ಕಾಲುವೆಗೆ ಇಳಿಸಿದೆ. ಎತ್ತಲು ನಾಲ್ಕು ಜನ, ಒಂದೂವರೆ ಗಂಟೆ. ಬಂಪರ್ ಬೇರೆ ಕಿತ್ತು ಬಂತು. ಈ ಕಡೆ ಬರುವವರು ಅಂಗಡಿಯಲ್ಲಿ ಮನೆ ಹೆಸರು ಹೇಳಿ ದಾರಿ ಕೇಳಿ. ಸುಮ್ನೆ ಫೋನ್ ನೋಡಿಕೊಂಡು ಹೋಗಬೇಡಿ.

ಮರುದಿನ ಗೆಳೆಯನ ತೋಟದಲ್ಲಿ ಅಡಿಕೆ ಕೊಯ್ಲು. ಅರ್ಧ ಗಂಟೆ ನೋಡಿ ಹೊರಡೋಣ ಅಂದುಕೊಂಡವನು ಮಧ್ಯಾಹ್ನದವರೆಗೂ ಅಲ್ಲೇ ನಿಂತೆ. ಮರ ಹತ್ತಿ ಗೊನೆ ಕೊಯ್ಯುವ ಕೊನೆಗೌಡರು ಹತ್ತುವ ಮುಂಚೆ ಅಂಗಳದಲ್ಲಿ ಹಗ್ಗ ಬಿಚ್ಚಿ ಹಾಕಿ, ಮೊಳಮೊಳಕ್ಕೂ ಹೆಬ್ಬೆರಳು ಒತ್ತುತ್ತಾ ಬಂದರು. ಒಂದು ಕಡೆ ಬೆರಳು ನಿಂತಿತು. ನಾರಿನ ಎರಡು ಎಳೆ ಎದ್ದಿತ್ತು, ಅಷ್ಟೆ. ಆ ಹಗ್ಗ ಪಕ್ಕಕ್ಕೆ ಹೋಯಿತು, ಬೇರೆ ಬಂತು.

"ಹತ್ತೋದು ದೊಡ್ಡದಲ್ಲ ಮಾರಾಯ್ರೆ. ಗೊನೆ ನೆಟ್ಟಗೆ ಇಳೀಬೇಕಲ್ಲ, ಅದು ಕಷ್ಟ."

ನಿಜ. ಮೇಲೆ ಕೊಯ್ದ ಗೊನೆ ಓರೆಯಾಗಿ ಹಿಡಿದ ಹಗ್ಗದ ಮೇಲೆ ಸರ್ರಂತ ಜಾರಿ ಬರುತ್ತದೆ. ಕೆಳಗಿನವನು ಅದರ ವೇಗ ಮುರಿದು ಹಿಡಿಯಬೇಕು. ತಪ್ಪಿದರೆ ತೋಟದ ತುಂಬಾ ಅಡಿಕೆ.

ಗೆಳೆಯನ ಮಗಳು ಏರೋಸ್ಪೇಸ್ ಓದುತ್ತಾಳೆ. "ಗೌಡ್ರೆ, ಚಳ್ಳಕೆರೆಯಲ್ಲೂ ಇದೇ ಕಥೆ" ಅಂತ ಶುರು ಮಾಡಿದಳು. ಅಲ್ಲಿ ಇಳಿಸಿ ನೋಡಿದ್ದು ಇಸ್ರೋದ ರೆಕ್ಕೆ ಇರುವ ಮರುಬಳಕೆ ಬಾಹ್ಯಾಕಾಶ ವಾಹನ, ಪುಷ್ಪಕ್. 2016ರಲ್ಲಿ ಇದರ ಹಿಂದಿನದನ್ನು ಶ್ರೀಹರಿಕೋಟಾದಿಂದ 65 ಕಿ.ಮೀ. ಮೇಲಕ್ಕೆ ಹಾರಿಸಿ ಬಂಗಾಳ ಕೊಲ್ಲಿಗೆ ಇಳಿಸಿದ್ದರು. ಮತ್ತೆ ಬಳಸಬೇಕೆಂದರೆ ರನ್‌ವೇ ಮೇಲೆ ಇಳಿಯಬೇಕು. ಅದಕ್ಕೇ ಚಿನೂಕ್ ಹೆಲಿಕಾಪ್ಟರಿನಲ್ಲಿ ನಾಲ್ಕೂವರೆ ಕಿ.ಮೀ. ಎತ್ತರಕ್ಕೆ ಒಯ್ದು ಬಿಡುವ ಪರೀಕ್ಷೆ. ನೆಲ ಮುಟ್ಟುವಾಗ ಗಂಟೆಗೆ 320 ಕಿ.ಮೀ. ಮೀರಿದ ವೇಗ. ಪ್ಯಾರಾಚೂಟ್ ಬಿಚ್ಚಿ ಅದನ್ನು ನೂರಕ್ಕೆ ಇಳಿಸಿ, ಆಮೇಲೆ ಚಕ್ರದ ಬ್ರೇಕ್.

"ಇಂಜಿನ್?"

"ಇಲ್ಲ. ತೇಲಿಕೊಂಡೇ ಬರಬೇಕು."

"ಹಂಗಾರೆ ಬಿಟ್ಟಿದ್ದು ಬಿಟ್ಟಂಗೆ. ನೇರಕ್ಕೆ ಬಿಡ್ತಾರಾ?"

2023ರ ಏಪ್ರಿಲ್‌ನ ಮೊದಲ ಸಲಕ್ಕಿಂತ ಆಮೇಲಿನವು ಕಷ್ಟದವು ಅಂದಳು. 2024ರ ಮಾರ್ಚ್‌ನಲ್ಲಿ ರನ್‌ವೇ ಗೆರೆಯಿಂದ 150 ಮೀಟರ್ ಪಕ್ಕಕ್ಕೆ ಬಿಟ್ಟರು, ಜೂನ್‌ನಲ್ಲಿ 500 ಮೀಟರ್. ತಾನೇ ತಿರುಗಿಕೊಂಡು ನಡುಗೆರೆ ಹಿಡಿಯಿತು.

ಗೌಡರು ಬಾಯಲ್ಲಿದ್ದ ಎಲೆಯಡಿಕೆ ಉಗಿದು ಬಂದರು. "ಬೇಕಂತಲೇ ಸೊಟ್ಟ ಬಿಟ್ರಾ? ಅದು ಸರಿ. ಗಾಳಿ ಏನು ನಮ್ಮನ್ನ ಕೇಳಿ ಬೀಸುತ್ತಾ?"

ಮಾರ್ಚ್‌ನಲ್ಲಿ ಇಳಿದ ಒಡಲನ್ನೇ ಜೂನ್‌ಗೂ ಬಳಸಿದರು ಅಂದಾಗ ಮಾತ್ರ ಅವರ ಮುಖ ಬಿಗಿಯಿತು.

"ಮಧ್ಯದಲ್ಲಿ ನೋಡಿದ್ರಾ?"

"ನೋಡದೆ ಬಿಡ್ತಾರಾ ಗೌಡ್ರೆ!"

"ಹೆಬ್ಬೆರಳಲ್ಲಿ ನೋಡ್ಬೇಕು" ಅಂದು ಮರ ಹತ್ತಿದರು.

ಕುಂದಾದ್ರಿಗೆ ಸಂಜೆ ಹೋದೆವು. ಬಸದಿ, ಕೊಳ ಚೆನ್ನಾಗಿವೆ. ಜನ ಜಾಸ್ತಿ, ಬರೀ ಫೋಟೋ ಗಲಾಟೆ. ಗೆಳೆಯನ ಮನೆಯ ಅಕ್ಕಿ ರೊಟ್ಟಿಗೆ ಇದು ಸಮ ಅಲ್ಲ. ಇಳಿಯುವಾಗ ಪ್ರತಿ ತಿರುವಿನಲ್ಲೂ ಕಾರು ನಿಲ್ಲಿಸಿ ಬಂಪರ್ ನೋಡುತ್ತಿದ್ದೆ. ಅದನ್ನು ಕಟ್ಟಿದ್ದು ಗೌಡರು ಪಕ್ಕಕ್ಕೆ ಹಾಕಿದ್ದ ಹಗ್ಗದಲ್ಲಿ.